ಪ್ರತಿಕ್ರಿಯೆ: ನಿಂಬೆರಸ, ಅರಿಶಿನ ಹಚ್ಚಿದ ಮೇಲೆ ಕೆನ್ನೆ ಕಪ್ಪಾಗಿದ್ದಕ್ಕೆ

ನಿಮ್ಮ ಕೆನ್ನೆ ಕಪ್ಪಾಗಲು ಕಾರಣ ಬಹುತೇಕ ನಿಂಬೆಯೇ, ಅರಿಶಿನವಲ್ಲ. ಲೇಪ ಹಚ್ಚಿಕೊಂಡೇ ವಿಜಯಪುರ ಜಿಲ್ಲೆಯ ಇಂಡಿ ಊರಿನ ತೋಟಕ್ಕೆ ಹೋಗಿದ್ದೆ ಎಂದಿದ್ದೀರಿ. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಇರುವ ಫ್ಯೂರೋಕೌಮರಿನ್ ಎಂಬ ರಾಸಾಯನಿಕಗಳು ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಚರ್ಮವನ್ನು ಸುಡುತ್ತವೆ. ಉರಿ ಒಂದೆರಡು ದಿನ ತಡವಾಗಿ ಏಳುವುದರಿಂದ ಯಾರೂ ನಿಂಬೆಯನ್ನು ದೂರುವುದಿಲ್ಲ.

ಮೊದಲು ಲೇಪ ನಿಲ್ಲಿಸಿ. ಉಜ್ಜಬೇಡಿ, ಬ್ಲೀಚ್ ಮಾಡಿಸಬೇಡಿ. ಕೆರಳಿಸಿದಷ್ಟೂ ಕಲೆ ಗಾಢವಾಗುತ್ತದೆ. ಉರಿ ಇರುವವರೆಗೆ ತಣ್ಣೀರಿನ ಬಟ್ಟೆ, ಪರಿಮಳವಿಲ್ಲದ ಮಾಯಿಶ್ಚರೈಸರ್ ಸಾಕು. ಆಮೇಲೆ ಹೊರಗೆ ಹೋಗುವಾಗ ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30ಕ್ಕೆ ಕಡಿಮೆಯಿಲ್ಲದ, ಎರಡೂ ಬಗೆಯ ಅತಿನೇರಳೆ ಕಿರಣ ತಡೆಯುವ ಬ್ರಾಡ್ ಸ್ಪೆಕ್ಟ್ರಮ್ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ, ಮೇಲೆ ಸೆರಗು. ವಿಜಯಪುರದ ಬಿಸಿಲಿನಲ್ಲಿ ಇದಿಲ್ಲದೆ ಯಾವ ಕ್ರೀಮೂ ಕೆಲಸ ಮಾಡದು. ಕಲೆ ಮಾಸಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು.

ಕಲೆಗೆ ಸಸ್ಯಮೂಲದ್ದೇ ಬೇಕೆಂದರೆ, ಚರ್ಮ ಶಾಂತವಾದ ಮೇಲೆ, ಜ್ಯೇಷ್ಠಮಧು ಸಾರದ ಕ್ರೀಮನ್ನು ಮೊದಲು ಮೊಣಕೈ ಒಳಭಾಗಕ್ಕೆ ಕೆಲವು ದಿನ ಹಚ್ಚಿ ನೋಡಿ.

ಸುಕ್ಕಿಗೆ ಬಾವಂಚಿ ಗಿಡದ ಬೀಜದ ಪುಡಿ ಆಗುತ್ತದೆಯೇ ಎಂದೂ ಕೇಳಿದ್ದೀರಿ. ಖಂಡಿತ ಬೇಡ! ಕಚ್ಚಾ ಬೀಜದಲ್ಲಿ ನಿಂಬೆಯಲ್ಲಿರುವ ಫ್ಯೂರೋಕೌಮರಿನ್ ಗುಂಪಿನದೇ ಆದ ಸೋರಾಲೆನ್ ಇರುತ್ತದೆ, ಬಿಸಿಲು ಬಿದ್ದರೆ ಮತ್ತೆ ಸುಡುತ್ತದೆ. ಅದೇ ಬೀಜದಿಂದ ತೆಗೆದು ಶುದ್ಧೀಕರಿಸಿದ, ಕ್ರೀಮುಗಳಲ್ಲಿ ಬರುವ ಬಕುಚಿಯಾಲ್ ಎಂಬ ಅಂಶ ಬೇರೆ, ಅದನ್ನು ಬಳಸಬಹುದು.

ಕಲೆ ಎರಡೂ ಕೆನ್ನೆಗೆ ಒಂದೇ ಸಮನೆ ಹರಡಿದ್ದರೆ ಬಂಗು ಇರಬಹುದು. ಬರಹ ಓದಿ ಅದನ್ನು ನಿರ್ಧರಿಸಲಾಗದು. ಹಾಗಿದ್ದರೆ, ಅಥವಾ ಗುಳ್ಳೆ ಎದ್ದಿದ್ದರೆ, ಚರ್ಮರೋಗ ವೈದ್ಯರಿಗೆ ತೋರಿಸಿ.