ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ಗೆ ಮೊದಲ ಸಲ ಜಂಪ್ ರೇಸ್ (ಬೇಲಿ ಹಾರುವ ಕುದುರೆ ಓಟ) ನೋಡಲು ಹೋಗುವವರು ಏನೇನು ತಿಳಿದಿರಬೇಕು?

ಮೊದಲ ಸಲಕ್ಕೆ ಮಾರ್ಚ್ ತಿಂಗಳ ನಾಲ್ಕು ದಿನದ ಫೆಸ್ಟಿವಲ್ ಬೇಡ, ಜನಜಂಗುಳಿ ವಿಪರೀತ. ನವೆಂಬರ್ ಅಥವಾ ಹೊಸ ವರ್ಷದ ದಿನದ ರೇಸ್‌ಗೆ ಹೋಗಿ. ಚಳಿ, ಕೆಸರು ಎರಡೂ ಇರುತ್ತವೆ. ನೀರು ಹಿಡಿಯದ ಬೂಟು, ಮೇಲೊಂದು ದಪ್ಪ ಕೋಟು ಬೇಕೇ ಬೇಕು.

ಬೆಂಗಳೂರಿನ ರೇಸ್ ಕೋರ್ಸ್‌ನಲ್ಲಿ ಕುದುರೆಗಳು ಬರೀ ಓಡುತ್ತವೆ, ಇಲ್ಲಿ ಹಾರಬೇಕು. ಹರ್ಡಲ್ ಎಂಬ ಚಿಕ್ಕ ತಡೆ ಕನಿಷ್ಠ ಮೂರೂವರೆ ಅಡಿ, ಚೇಸ್ ಎಂಬ ದೊಡ್ಡ ಬೇಲಿಗಳ ರೇಸ್‌ನಲ್ಲಿ ಬೇಲಿ ಕನಿಷ್ಠ ನಾಲ್ಕೂವರೆ ಅಡಿ. ಒಂದು ರೇಸನ್ನಾದರೂ ಬೇಲಿಯ ಹತ್ತಿರವೇ ನಿಂತು ನೋಡಿ: ಗೊರಸಿನ ಸದ್ದು, ಕುದುರೆಯ ಹೊಟ್ಟೆ ಸವರಿದಾಗ ಬೇಲಿಯಿಂದ ಸಿಡಿಯುವ ಕಡ್ಡಿಗಳು ಸ್ಟ್ಯಾಂಡ್‌ನಲ್ಲಿ ಕೂತವರಿಗೆ ದಕ್ಕುವುದಿಲ್ಲ. ಕೊನೆಯ ಬೇಲಿ ದಾಟಿದ ಮೇಲೂ ಏರು ಇದೆ. ಮುಂದಿದ್ದ ಕುದುರೆ ಅಲ್ಲೇ ದಣಿದು ಸೋಲುವುದುಂಟು, ಹಾಗಾಗಿ ಗೆದ್ದಾಯಿತೆಂದು ಬೇಗ ತಿರುಗಬೇಡಿ.

ಪ್ರತಿ ರೇಸ್‌ಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪೆರೇಡ್ ರಿಂಗ್‌ಗೆ ಹೋಗಿ. ನೆಮ್ಮದಿಯಾಗಿ, ಉದ್ದ ಹೆಜ್ಜೆ ಹಾಕುವ ಕುದುರೆ ಒಳ್ಳೆಯ ಲಕ್ಷಣ. ಚಳಿಯಲ್ಲೂ ಕುತ್ತಿಗೆ ಬೆವರಿದ್ದರೆ ಶಕ್ತಿ ಆಗಲೇ ಪೋಲಾಗುತ್ತಿದೆ.

ಬಾಜಿ ಕಟ್ಟುವುದಾದರೆ, 'ಈಚ್ ವೇ' 5 ಪೌಂಡ್ ಎಂದರೆ ಕೈಯಿಂದ ಹೋಗುವುದು 10: ಅರ್ಧ ಗೆಲುವಿಗೆ, ಅರ್ಧ ಮೊದಲ ಕೆಲವು ಸ್ಥಾನಗಳೊಳಗೆ ಬರುವುದಕ್ಕೆ. ಸೋತೆವೆಂದು ಚೀಟಿ ಹರಿಯಬೇಡಿ. ಜಾಕಿಗಳ ತೂಕ ನೋಡಿ 'ವೇಯ್ಡ್ ಇನ್' ಎಂದು ಘೋಷಿಸಿದ ಮೇಲೆಯೇ ಹಣ ಸಿಗುವುದು, ಅಷ್ಟರೊಳಗೆ ಫಲಿತಾಂಶ ಬದಲಾಗಬಹುದು.