ಸುಮ್ಮನಿದ್ದಾಗ ರೀಸ್ಟಾರ್ಟ್ ಆಗುವ 5600ಎಕ್ಸ್: ಎಸ್‌ಎಂಪಿಎಸ್ ಬದಲಿಸುವ ಮೊದಲು ಇದನ್ನು ನೋಡಿ

ಸರ್, ಹೊಸ ಎಸ್‌ಎಂಪಿಎಸ್‌ಗೆ (ಪವರ್ ಸಪ್ಲೈಗೆ) ಇನ್ನೂ ದುಡ್ಡು ಕೊಟ್ಟಿಲ್ಲ ತಾನೇ? ಸ್ವಲ್ಪ ತಡೀರಿ. ನೀವು ಬರೆದದ್ದು ಇಷ್ಟು: ರೈಜನ್ 5 5600ಎಕ್ಸ್ ಪ್ರೊಸೆಸರ್, ವೇಗದ ಮಿತಿ ಏರಿಸುವ ಪಿಬಿಒ ಆನ್ ಮಾಡಿ +200 ಮೆಗಾಹರ್ಟ್ಸ್, ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲಾ ಕೋರ್‌ಗೂ -30, 3200ರ ರ‍್ಯಾಮ್ 3800ಕ್ಕೆ. ಎಲ್ಲಾ ಕೋರ್ ದುಡಿಸುವ ಸಿನಿಬೆಂಚ್ ಪರೀಕ್ಷೆ ಅರ್ಧ ಗಂಟೆ ಓಡಿಸಿದರೂ ಏನೂ ಆಗಲ್ಲ, ಆದರೆ ಯೂಟ್ಯೂಬ್ ನೋಡುವಾಗಲೋ ಊಟಕ್ಕೆ ಎದ್ದು ಹೋದಾಗಲೋ ತಾನಾಗಿಯೇ ರೀಸ್ಟಾರ್ಟ್. ವಿಂಡೋಸ್‌ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ನೋಡಿ ಅಂಗಡಿಯವರು ಪವರ್ ಸಪ್ಲೈ ಹೋಗಿದೆ ಅಂದರು.

41 ಅಂದರೆ ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಅಂತ, ಅಷ್ಟೇ. ಮನೆಯ ಕರೆಂಟ್ ಹೋದರೂ ಅದೇ ಬರುತ್ತೆ, ರೀಸೆಟ್ ಬಟನ್ ಒತ್ತಿದರೂ ಅದೇ. ಹೆಸರಲ್ಲಿ ಪವರ್ ಇದೆ ಅಂತ ಎಸ್‌ಎಂಪಿಎಸ್ ಮೇಲೆ ತಪ್ಪು ಹೊರಿಸೋಕಾಗಲ್ಲ. ನಾನೂ ಇದೇ ಮಾತು ನಂಬಿ ಆರು ಸಾವಿರ ಕೊಟ್ಟು ಹೊಸದು ಹಾಕಿಸಿದ್ದೆ. ಮೂರನೇ ದಿನ ರಾತ್ರಿ ಒಂದು ಮದುವೆ ವಿಡಿಯೋ ಎರಡು ಗಂಟೆ ರೆಂಡರ್ ಆಗಿ ಮುಗಿಯಿತು, ಫ್ಯಾನ್ ಸದ್ದೂ ಇಳಿಯಿತು. ಫೋಲ್ಡರ್ ತೆರೆಯೋಣ ಅಂತ ಮೌಸ್ ಒತ್ತಿದೆ, ಸ್ಕ್ರೀನ್ ಕಪ್ಪಾಗಿ ಬೋರ್ಡಿನ ಲೋಗೋ ಬಂತು. ಆರೂ ಕೋರ್ ದುಡಿಯುವಾಗ ಬೀಳದ ಮೆಷಿನ್ ಒಂದು ಕ್ಲಿಕ್‌ಗೆ ಬಿತ್ತು.

ಕಾರಣ ಇದು. ಎಲ್ಲಾ ಕೋರ್ ಒಟ್ಟಿಗೆ ದುಡಿಯುವಾಗ ಯಾವುದೂ ತನ್ನ ಪೂರ್ತಿ ವೇಗ ಮುಟ್ಟಲ್ಲ. ಹಗುರ ಕೆಲಸ ಬಂದಾಗಲೇ ಒಂದೇ ಒಂದು ಕೋರ್ ಕ್ಷಣಮಾತ್ರಕ್ಕೆ ತುದಿಗೆ ಜಿಗಿಯೋದು. ಎಎಂಡಿ ಹೇಳುವ ಮಿತಿ 4.6 ಗಿಗಾಹರ್ಟ್ಸ್, ನಿಮ್ಮ +200 ಅದನ್ನು ಸುಮಾರು 4.8ಕ್ಕೆ ತಳ್ಳುತ್ತೆ. ಕರ್ವ್‌ನಲ್ಲಿ ಒಂದೊಂದು ಅಂಕಿಗೂ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಯುತ್ತೆ, ಅಂದರೆ -30ಕ್ಕೆ 90ರಿಂದ 150. ಹೆಚ್ಚು ವೋಲ್ಟೇಜ್ ಬೇಕಾದ ಗಳಿಗೆಯಲ್ಲೇ ನೀವು ಅದನ್ನು ಕಿತ್ತುಕೊಂಡ ಹಾಗಾಯಿತು. ಸಿನಿಬೆಂಚ್ ಮಲ್ಟಿ ಕೋರ್ ಎಷ್ಟು ಹೊತ್ತು ಓಡಿಸಿದರೂ ಈ ದೋಷ ಸಿಗೋದು ಕಷ್ಟ.

ಮೊದಲು ರ‍್ಯಾಮ್‌ನ ಅನುಮಾನ ತೆಗೆದುಹಾಕಿ. 3800 ಅಂದರೆ ಚಿಪ್‌ನ ಒಳಭಾಗಗಳನ್ನು ಜೋಡಿಸುವ ಇನ್‌ಫಿನಿಟಿ ಫ್ಯಾಬ್ರಿಕ್ 1900ರಲ್ಲಿ ಓಡಬೇಕು, ಎಷ್ಟೋ ಚಿಪ್‌ಗಳು ಅದನ್ನು ತಾಳಿಕೊಳ್ಳಲ್ಲ. ಸದ್ಯಕ್ಕೆ 3200 ಎಕ್ಸ್‌ಎಂಪಿಗೆ (ತಯಾರಕರೇ ಕೊಟ್ಟ ಸೆಟ್ಟಿಂಗ್‌ಗೆ) ಇಳಿಸಿ, ಕರ್ವ್ ಮುಟ್ಟಬೇಡಿ, ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ಮಲಗಿ. ಒಂದೇ ಒಂದು ಎರರ್ ಬಂದರೂ ಆ ರ‍್ಯಾಮ್ ಸರಿಮಾಡದೆ ಮುಂದಕ್ಕೆ ಹೋಗಬೇಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಕೊನೆಗೂ ತಿಳಿಯಲ್ಲ.

ರ‍್ಯಾಮ್ ಚೆನ್ನಾಗಿದ್ದೂ ಮತ್ತೆ ಬಿದ್ದರೆ ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 41ರ ಅಕ್ಕಪಕ್ಕ ಹಾರ್ಡ್‌ವೇರ್ ದೋಷ ಬರೆದಿಡುವ ಡಬ್ಲ್ಯುಎಚ್‌ಇಎ-ಲಾಗರ್ 18 ಇದೆಯಾ ಹುಡುಕಿ. ಅದನ್ನು ಒತ್ತಿದರೆ ಕೆಳಗಡೆ 'ಪ್ರೊಸೆಸರ್ ಎಪಿಐಸಿ ಐಡಿ' ಅಂತ ಒಂದು ಸಂಖ್ಯೆ ಇರುತ್ತೆ. ನಿಮಗೆ ಬೇಕಾದ್ದು ಅದೇ. ಒಂದು ಕೋರ್‌ಗೆ ಎರಡು ಥ್ರೆಡ್ ಇರೋದರಿಂದ 0 ಮತ್ತು 1 ಅಂದರೆ ಕೋರ್ 0, 2 ಮತ್ತು 3 ಅಂದರೆ ಕೋರ್ 1, ಹೀಗೇ 11ರವರೆಗೆ. ನನ್ನ ಲಾಗ್‌ನಲ್ಲಿ ಪ್ರತಿ ಸಲವೂ 4 ಅಥವಾ 5 ಇತ್ತು. ಅಂದರೆ ಬೀಳಿಸುತ್ತಿದ್ದದ್ದು ಕೋರ್ 2 ಒಂದೇ. ಒಂದು ಎಚ್ಚರ: ಬಯೋಸ್ ಕೋರ್‌ಗಳನ್ನು 0ಯಿಂದ ಎಣಿಸುತ್ತೆ, ಎಎಂಡಿಯ ರೈಜನ್ ಮಾಸ್ಟರ್ ಆ್ಯಪ್ 1ರಿಂದ. ಇಲ್ಲಿ ಎಡವಿದರೆ ಪಕ್ಕದ ಕೋರ್ ತಿದ್ದುತ್ತಾ ಕೂರುತ್ತೀರಿ. 18ರ ಬದಲು 19 ಕಂಡರೆ ಅದು ಸಾಮಾನ್ಯವಾಗಿ ಫ್ಯಾಬ್ರಿಕ್ ವೇಗದ ದೂರು, 3800 ಬಿಟ್ಟುಬಿಡಿ.

ಕೋರ್ ಗೊತ್ತಾದ ಮೇಲೆ ಕರ್ವ್ ಆಪ್ಟಿಮೈಸರನ್ನು ಆಲ್ ಕೋರ್‌ನಿಂದ ಪರ್ ಕೋರ್‌ಗೆ ಬದಲಿಸಿ, ಅದೊಂದಕ್ಕೆ -30ರ ಬದಲು -25 ಕೊಡಿ. ಮತ್ತೆ ಬಿದ್ದರೆ -20. ರೈಜನ್ ಮಾಸ್ಟರ್ ನಕ್ಷತ್ರ ಹಾಕಿ ತೋರಿಸುವ ಉತ್ತಮ ಕೋರ್‌ಗಳೇ ಹೆಚ್ಚಾಗಿ ಕಡಿಮೆ ಇಳಿಕೆ ತಾಳಿಕೊಳ್ಳೋದು, ಯಾಕಂದರೆ ತುದಿಗೆ ಜಿಗಿಯುವ ಕೆಲಸ ಅವಕ್ಕೇ ಬೀಳುತ್ತೆ. ನನ್ನ ಕೋರ್ 2 ನಿಂತದ್ದು -8ಕ್ಕೆ, ಉಳಿದವು -25ರಲ್ಲಿ ಇವತ್ತಿಗೂ ಆರಾಮಾಗಿವೆ.

ಬೀಳೋದನ್ನೇ ಕಾಯುತ್ತಾ ಕೂರುವ ಬದಲು ಕೋರ್‌ಸೈಕ್ಲರ್ ಹಾಕಿ. ಅದು ಲೆಕ್ಕ ಮಾಡಿಸುವ ಪ್ರೈಮ್95 ಪರೀಕ್ಷೆಯನ್ನು ಒಂದು ಸಲಕ್ಕೆ ಒಂದೇ ಕೋರ್ ಮೇಲೆ ಓಡಿಸಿ, ತಪ್ಪು ಲೆಕ್ಕ ಬಂದ ಕೋರ್ ಯಾವುದು ಅಂತ ಬರೆದಿಡುತ್ತೆ. ಹಗುರ ಲೆಕ್ಕದ ಎಸ್‌ಎಸ್‌ಇ ಮೋಡ್‌ನಲ್ಲೇ ಇಡಿ. ಎವಿಎಕ್ಸ್ ಲೋಡ್ ಭಾರವಾಗಿ ವೇಗ ಇಳಿಯುತ್ತೆ, ಆಮೇಲೆ ಸಿನಿಬೆಂಚ್‌ನದ್ದೇ ಕಥೆ. ಒಂದು ಇಡೀ ರಾತ್ರಿ ಎರರ್ ಇಲ್ಲದೆ ಕಳೆದರೆ ಮಾತ್ರ ನಾನು ಆ ಸೆಟ್ಟಿಂಗ್ ಉಳಿಸಿಕೊಳ್ಳೋದು.

ಬಿಸಿಯ ಬಗ್ಗೆ ಕೇಳಿದ್ದೀರಿ. ಈ ಚಿಪ್‌ನ ಮಿತಿ 95 ಡಿಗ್ರಿ, ಅಲ್ಲಿಗೆ ಬಂದರೂ ಮೊದಲು ವೇಗ ಇಳಿಸಿಕೊಳ್ಳುತ್ತೆ. ಸುಮ್ಮನಿದ್ದಾಗ ಬೀಳೋದಕ್ಕೆ ಬಿಸಿ ಕಾರಣ ಅಲ್ಲ. ಬಯೋಸ್‌ನಲ್ಲಿ ವೋಲ್ಟೇಜ್ ಕುಸಿತ ಸರಿದೂಗಿಸುವ ಲೋಡ್‌ಲೈನ್ ಆಟೋದಲ್ಲೇ ಇರಲಿ. ಎಲ್ಲವನ್ನೂ ಡಿಫಾಲ್ಟ್‌ಗೆ ತಂದ ಮೇಲೂ ಬೀಳುತ್ತಿದ್ದರೆ ಆಗ ಎಸ್‌ಎಂಪಿಎಸ್ ಅನುಮಾನಿಸಿ, ಅದೂ ಸ್ನೇಹಿತರದ್ದು ಒಂದು ದಿನ ತಂದು ಹಾಕಿ ನೋಡಿಯೇ.

ಇನ್ನೊಂದು ಮಾತು. ಇಷ್ಟು ದಿನ 3800ರಲ್ಲಿ ಓಡಿದ ರ‍್ಯಾಮ್ ಫೈಲ್‌ಗಳನ್ನೂ ಕೆಡಿಸಿರಬಹುದು. ಫೋಟೋ, ಕೆಲಸದ ಫೈಲ್ ಏನಿದ್ದರೂ ಮೊದಲು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ತೆರೆದೂ ನೋಡಿ. ರ‍್ಯಾಮ್ ಸರಿಯಾದ ಮೇಲೆ ವಿಂಡೋಸ್ ಫೈಲ್‌ಗಳನ್ನು ಪರೀಕ್ಷಿಸುವ ಎಸ್‌ಎಫ್‌ಸಿ ಸ್ಕ್ಯಾನ್ ಒಂದು ಸಲ ಓಡಿಸಿ. ಎಪಿಐಸಿ ಸಂಖ್ಯೆ ಸಿಕ್ಕಿದ ತಕ್ಷಣ ಇಲ್ಲೇ ಹಾಕಿ, ಯಾವ ಕೋರ್‌ಗೆ ಎಷ್ಟು ಕೊಡೋದು ಅಂತ ಒಟ್ಟಿಗೆ ನೋಡೋಣ.