ನಿಮ್ಮ ಪ್ರಬಂಧದಲ್ಲಿ ಸಿನಿಮಾ ಕಾಣಲಿ

ನಮಸ್ಕಾರ,

ಹಳೆಯ ಸೈನ್ಸ್ ಫಿಕ್ಷನ್ ಸಿನಿಮಾಗಳ ನೋಟ ಮತ್ತು ಮೂಡ್ ಬಗ್ಗೆ ನೀವು ಕಳಿಸಿದ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲು ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ಸಿನಿಮಾಗಳ ಮೇಲೆ ನಿಮಗಿರುವ ಪ್ರೀತಿ ಪ್ರತಿ ಪುಟದಲ್ಲೂ ಕಾಣುತ್ತದೆ. ಸಿನಿಮಾಗಳೇ ಕಾಣುವುದಿಲ್ಲ. 'ನಿಯಾನ್ ಬೆಳಕು', 'ಮಾಯಾಲೋಕ' ಅನ್ನೋ ಮಾತುಗಳೇ ತಿರುಗಿ ತಿರುಗಿ ಬರುತ್ತವೆ.

1982ರ 'ಬ್ಲೇಡ್ ರನ್ನರ್' ಬಗ್ಗೆ ಒಂದೇ ಸಾಲು ಬರೆದಿದ್ದೀರಿ, ಹೊಗೆ ತುಂಬಿದ ಊರು ಕನಸಿನಂತಿದೆ ಅಂತ. ಆ ಹೊಗೆ ಬರೀ ಚೆಂದಕ್ಕೆ ಹಾಕಿದ್ದಲ್ಲ. ಶುರುವಿನಲ್ಲಿ ಕಾಣುವ ನಗರ ಸ್ಟುಡಿಯೊದೊಳಗಿನ ಒಂದು ಮಾಡೆಲ್. ದೂರದ ಬೆಟ್ಟ ಮಸುಕಾಗಿ ಕಾಣುತ್ತದೆ ಅಲ್ವಾ, ಕೆಲವೇ ಅಡಿ ಆಚೆಗಿರುವ ಪುಟ್ಟ ಕಟ್ಟಡವೂ ಹಾಗೇ ಮಸುಕಾಗಬೇಕಾದರೆ ಇಡೀ ಕೋಣೆಯ ಗಾಳಿಗೇ ಹೊಗೆ ಬಿಡಬೇಕು, ಆಗ ಮಾತ್ರ ಅದು ಮೈಲಿಗಟ್ಟಲೆ ಹಬ್ಬಿದ ಊರಾಗಿ ಕಾಣುತ್ತದೆ. ನಿಮ್ಮನ್ನು ಕಾಡಿದ ಮೂಡ್‌ನಲ್ಲಿ ಈ ಕೈಕೆಲಸದ ಪಾಲು ದೊಡ್ಡದು. ಇದನ್ನು ಬರೆಯಿರಿ.

ಇನ್ನೊಂದು. ಎಲ್ಲವನ್ನೂ 'ಆ ಕಾಲ' ಅಂತ ಒಂದೇ ಬುಟ್ಟಿಗೆ ಹಾಕಿದ್ದೀರಿ. 1968ರ '2001: ಎ ಸ್ಪೇಸ್ ಒಡಿಸ್ಸಿ'ಯಲ್ಲಿ ಬಾಹ್ಯಾಕಾಶ ನೌಕೆಯ ಒಳಾಂಗಣ ಬಿಳಿ, ಒಂದು ಕಲೆಯೂ ಇಲ್ಲ. ಹನ್ನೊಂದೇ ವರ್ಷಕ್ಕೆ ಬಂದ 'ಏಲಿಯನ್' ಸಿನಿಮಾದ ನೌಕೆ ಸರಕು ಸಾಗಿಸುವಂಥದ್ದು, ಕೊಳಕು, ಒಳಗಿನವರು ಬೋನಸ್‌ಗಾಗಿ ಜಗಳವಾಡುತ್ತಾರೆ. 1965ರ 'ಆಲ್ಫಾವಿಲ್' ಅಂತೂ ಭವಿಷ್ಯದ ಸೆಟ್ಟನ್ನೇ ಹಾಕಲಿಲ್ಲ, ಆಗಿನ ಪ್ಯಾರಿಸ್ಸನ್ನೇ ರಾತ್ರಿ ಚಿತ್ರಿಸಿ ಬೇರೊಂದು ಲೋಕ ಅಂತ ನಂಬಿಸಿತು. ಇವುಗಳಲ್ಲಿ ನೀವು ಹಂಬಲಿಸುವುದು ಯಾವುದಕ್ಕೆ?

'ಬಾರದೇ ಹೋದ ಭವಿಷ್ಯದ ನೆನಪು' ಅನ್ನೋ ಸಾಲು ತೆಗೆಯಿರಿ, ತುಂಬಾ ಜನ ಬರೆದಾಗಿದೆ. ಈಗಿನ ಗ್ರಾಫಿಕ್ಸ್‌ಗೆ ಜೀವವೇ ಇಲ್ಲ ಅನ್ನುವುದನ್ನೂ ಸುಮ್ನೆ ಹೇಳಿಬಿಡಬೇಡಿ, ಎರಡು ಶಾಟ್ ಪಕ್ಕಪಕ್ಕ ಇಟ್ಟು ತೋರಿಸಿ.

ಮೂರನೇ ಪುಟದಲ್ಲಿ ಮಾತ್ರ ನಾನು ನಿಂತುಬಿಟ್ಟೆ. 'ಏಲಿಯನ್' ಶುರುವಿನಲ್ಲಿ ಕಂಪ್ಯೂಟರ್ ಎಚ್ಚರವಾಗಿ, ಅದರ ಅಕ್ಷರಗಳು ಖಾಲಿ ಹೆಲ್ಮೆಟ್ಟಿನ ಗಾಜಿನಲ್ಲಿ ಪ್ರತಿಫಲಿಸುತ್ತವಲ್ಲ, ಅದನ್ನು ನೀವು ನಿಲ್ಲಿಸಿ ನಿಲ್ಲಿಸಿ ನೋಡಿದ್ದು. ಎಂಥ ಒಳ್ಳೆಯ ಪ್ಯಾರಾ! ಅದನ್ನು ಮೊದಲಿಗೆ ತನ್ನಿ. ಆ ಶಾಟ್‌ನಲ್ಲಿ ಒಬ್ಬ ಮನುಷ್ಯನೂ ಇಲ್ಲ, ಆದರೂ ಯಾರೋ ಮಾತಾಡುತ್ತಿರುವ ಹಾಗೆ ಯಾಕೆ ಅನಿಸುತ್ತದೆ ಅಂತ ಇನ್ನೊಂದು ಪುಟ ಬರೆದು ನನಗೇ ಕಳಿಸಿ.